ಅಡ್ಡಪೈಪಿನ ಜಾಗಕ್ಕೆ ನಾನು ಹಾಕಿದ ಪಟ್ಟಿ

ಹೋದ ವರ್ಷ ನಮ್ಮೂರಿನ ಐಟಿಐನವರು, ‘ನಾಗಣ್ಣ, ಇಷ್ಟು ವರ್ಷ ಸೈಲೆನ್ಸರ್ ಕೆಲಸ ಮಾಡಿದ್ದೀರಿ, ನಮ್ಮ ಮಕ್ಕಳಿಗೆ ನಾಲ್ಕು ಮಾತು ಹೇಳಿ’ ಎಂದು ಕರೆದರು. ಹೋದೆ. ಹಾರ ಹಾಕಿದರು, ಮೈಕು ಕೊಟ್ಟರು. ಜೀವಮಾನವೆಲ್ಲ ಸುತ್ತಿಗೆ ಹಿಡಿದ ಕೈಗೆ ಮೈಕು ಕೊಟ್ಟರೆ ಏನಾಗುತ್ತದೋ ಅದೇ ಆಯಿತು. ‘ಎಲ್ಲರೂ ಚೆನ್ನಾಗಿ ಓದಿ’ ಎಂದು ಹೇಳಿ ಇಳಿದುಬಂದೆ. ನಾನು ಓದಿದ್ದು ಏಳನೇ ಕ್ಲಾಸು. ಮನೆಗೆ ಬಂದ ಮೇಲೆ ನನಗೇ ನಾಚಿಕೆಯಾಯಿತು. ಹೇಳಬೇಕಾಗಿದ್ದ ವಿಷಯ ಬೇರೆ ಇತ್ತು, ಅದು ಬಾಯಿಗೆ ಬರಲಿಲ್ಲ. ಈಗ ಆ ಮಕ್ಕಳಿಗೆಂದೇ ಬರೆಯುತ್ತಿದ್ದೇನೆ.

ನಮ್ಮ ಶೆಡ್ಡು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ಮೇಲೆ ತಗಡು, ಕೆಳಗೆ ಗ್ರೀಸು ಕುಡಿದು ಕರ‍್ರಗಾದ ಮಣ್ಣು. ಮಾದಪ್ಪನ ಬೆಟ್ಟಕ್ಕೆ ಹೋಗುವ ಗಾಡಿಗಳೇ ನಮಗೆ ಅನ್ನ ಹಾಕಿದ್ದು. ಆ ತಿರುವುಗಳಲ್ಲಿ ಜನ ತುಂಬಿಕೊಂಡು ಹತ್ತಿ ಇಳಿಯುವ ಜೀಪು ವ್ಯಾನುಗಳ ಸೈಲೆನ್ಸರು ಕುಲುಕಿ ಕುಲುಕಿ ಕಳಚಿಕೊಳ್ಳುತ್ತಿತ್ತು. ಅದಕ್ಕೆ ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಯಾವ ಗಾಡಿ ಬರಲಿ, ಕೇಳಲಿ ಬಿಡಲಿ, ಪೈಪು ಅಲ್ಲಾಡದಂತೆ ಅಡ್ಡಲಾಗಿ ಒಂದು ಕಬ್ಬಿಣದ ಆಂಗಲ್ ತುಂಡು ಬೆಸೆದು ಕಳಿಸುತ್ತಿದ್ದೆವು. ಅದಕ್ಕೆ ‘ಬೆಟ್ಟದ ಪಟ್ಟಿ’ ಎಂದೇ ಹೆಸರು. ನಮ್ಮ ಪಟ್ಟಿ ಬಿದ್ದ ಸೈಲೆನ್ಸರು ಗಾಡಿ ಗುಜರಿಗೆ ಹೋದರೂ ಕಳಚುತ್ತಿರಲಿಲ್ಲ. ಆ ಪಟ್ಟಿಯ ಮೇಲೆ ನನಗೆ ಬಹಳ ಜಂಬ. ಆ ಜಂಬವೇ ನನ್ನನ್ನು ಒಂದು ದಿನ ಮುಳುಗಿಸಿತು.

ಶೆಡ್ಡಿನ ಯಜಮಾನ ಪೆರುಮಾಳ್ ಮೇಸ್ತ್ರಿ. ಪಾಲಾರಿನ ಆಚೆ ಕಡೆಯವರು. ಮನೆಯಲ್ಲಿ ತಮಿಳು, ಶೆಡ್ಡಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಇಲ್ಲ, ಬಾಯಿ ಮುಚ್ಚಿಬಿಡುತ್ತಿದ್ದರು. ಬೈಯುವ ಯಜಮಾನನನ್ನು ಸಹಿಸಿಕೊಳ್ಳಬಹುದು, ಸುಮ್ಮನಿರುವವನ ಮುಂದೆ ನಿಲ್ಲುವುದು ಕಷ್ಟ. ನಾನು ಅವರ ಹತ್ತಿರ ಸೇರಿದ ಮೂರನೇ ತಿಂಗಳು ಮರಳಿನ ವಿಷಯದಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಆಗ ಪೈಪು ಬಾಗಿಸಲು ಯಂತ್ರ ಇರಲಿಲ್ಲ. ಪೈಪಿನೊಳಗೆ ಮರಳು ಗಿಡಿದು, ಎರಡು ತುದಿಗೂ ಮರದ ಬಿರಡೆ ಹೊಡೆದು, ಗ್ಯಾಸಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ನಿಧಾನವಾಗಿ ಬಗ್ಗಿಸಬೇಕು. ಮರಳಿದ್ದರೆ ಪೈಪು ಒಳಕ್ಕೆ ಚಪ್ಪಟೆಯಾಗುವುದಿಲ್ಲ. ಆ ಮರಳನ್ನು ಮೊದಲು ಬಾಣಲೆಯಲ್ಲಿ ಕಡಲೆಕಾಯಿ ಹುರಿಯುವ ಹಾಗೆ ಹುರಿದುಕೊಳ್ಳಬೇಕು. ನಾನು ಸೋಮಾರಿತನ ಮಾಡಿ ಹಸಿ ಮರಳನ್ನೇ ತುಂಬಿದೆ. ಒಳಗಿನ ನೀರು ಆವಿಯಾಗಿ ಬಿರಡೆ ಗುಂಡಿನ ಹಾಗೆ ಹಾರಿ ಎದುರಿನ ತಗಡನ್ನು ತೂತು ಮಾಡಿಕೊಂಡು ಆಚೆ ಹೋಯಿತು. ನಮ್ಮ ಪುಣ್ಯ, ಅಲ್ಲಿ ಯಾರೂ ನಿಂತಿರಲಿಲ್ಲ. ಮೇಸ್ತ್ರಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬಾಣಲೆ ತಂದು ನನ್ನ ಮುಂದೆ ಇಟ್ಟರು, ಅಷ್ಟೇ.

ಇನ್ನು ಹೊಗೆಯ ವಿಷಯ. ನೀವೆಲ್ಲ ಪುಸ್ತಕದಲ್ಲಿ ಓದಿರುತ್ತೀರಿ, ಆದರೂ ಮೇಸ್ತ್ರಿ ನನಗೆ ಹೇಳಿಕೊಟ್ಟ ಹಾಗೆ ಹೇಳುತ್ತೇನೆ. ಇಂಜಿನ್ನಿನ ಹೊಗೆ ನಲ್ಲಿಯ ನೀರಿನ ಹಾಗೆ ಒಂದೇ ಸಮ ಬರುವುದಿಲ್ಲ. ಒಂದೊಂದು ಸಿಲಿಂಡರಿನಿಂದ ಒಂದೊಂದು ಗುದ್ದು ಬರುತ್ತದೆ. ಕೆಲವು ದೊಡ್ಡ ಗಾಡಿಗಳಲ್ಲಿ ಸಿಲಿಂಡರುಗಳು ಎರಡು ಸಾಲಾಗಿ ಓರೆಯಾಗಿ ಕೂತಿರುತ್ತವೆ. ಆ ಸಾಲಿಗೊಂದು, ಈ ಸಾಲಿಗೊಂದು ಪೈಪು. ಎರಡು ಪೈಪೂ ತಮ್ಮ ತಮ್ಮ ಪಾಡಿಗೆ ಹೋದರೆ ಒಂದರಲ್ಲಿ ಗುದ್ದು ಕಿಕ್ಕಿರಿದಾಗ ಇನ್ನೊಂದು ಖಾಲಿ ನಿಂತಿರುತ್ತದೆ. ಅದಕ್ಕೇ ಎರಡನ್ನೂ ಕೂಡಿಸಿ ನಡುವೆ ಒಂದು ಅಡ್ಡಪೈಪು ಇಡುತ್ತಾರೆ. ಪಕ್ಕಪಕ್ಕದ ಎರಡು ಕಾಲುವೆಗೆ ನಡುವೆ ತೂಬು ಇಟ್ಟ ಹಾಗೆ. ಒಂದರಲ್ಲಿ ಉಕ್ಕಿದ್ದು ಇನ್ನೊಂದಕ್ಕೆ ಹರಿಯುತ್ತದೆ. ಸದ್ದು ಮೆತ್ತಗಾಗುತ್ತದೆ, ಏರಿನಲ್ಲಿ ಎಳೆಯುವ ಶಕ್ತಿಯೂ ಬರುತ್ತದೆ. ಇಷ್ಟು ಈಗ ಸಲೀಸಾಗಿ ಹೇಳುತ್ತಿದ್ದೇನೆ. ನಾನು ಹೇಳಲು ಹೊರಟ ದಿನ ಇದರಲ್ಲಿ ಒಂದಕ್ಷರವೂ ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಅಂಥ ಗಾಡಿ ಎಲ್ಲಿತ್ತು?

ಒಂದೇ ಒಂದು ಇತ್ತು. ಬಿಳಿಗಿರಿರಂಗನ ಬೆಟ್ಟದ ಒಂದು ಕಾಫಿ ಎಸ್ಟೇಟಿನ ಯಜಮಾನರು ಹರಾಜಿನಲ್ಲಿ ಕೊಂಡಿದ್ದ ಹೊರದೇಶದ ಗಾಡಿ. ಆರು ಸಿಲಿಂಡರು, ಈ ಕಡೆ ಮೂರು, ಆ ಕಡೆ ಮೂರು. ಶೋಕಿಗೆ ಕೊಂಡದ್ದಲ್ಲ. ಅವರ ಹೆಂಡತಿ ಗೌರಮ್ಮನವರಿಗೆ ಎರಡು ಮೂತ್ರಪಿಂಡವೂ ಕೆಟ್ಟಿತ್ತು. ವಾರಕ್ಕೆ ಎರಡು ಸಲ ಮೈಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಬೆನ್ನುಮೂಳೆಯೂ ಸರಿಯಿಲ್ಲದೆ ಅವರಿಗೆ ಕೂರಲು ಆಗುತ್ತಿರಲಿಲ್ಲ. ಈ ಗಾಡಿಯ ಹಿಂದಿನ ಸೀಟು ತೆಗೆಸಿ ಹಲಗೆ ಹಾಸಿ ಹಾಸಿಗೆ ಮಾಡಿಸಿದ್ದರು. ಎಸ್ಟೇಟಿನ ಕಲ್ಲುದಾರಿಯಲ್ಲಿ ಬಾಡಿಗೆ ಕಾರುಗಳು ಹತ್ತುತ್ತಿರಲಿಲ್ಲ, ಹತ್ತಿದರೂ ಅದರಲ್ಲಿ ಮಲಗಲು ಜಾಗವಿಲ್ಲ. ಹಾಗಾಗಿ ಆ ಗಾಡಿಯೇ ಅವರಿಗೆ ಗತಿ.

ಆ ಗಾಡಿಯ ಡ್ರೈವರ್ ಸಿದ್ದರಾಜು ಒಂದು ದಿನ ಅದನ್ನು ನಮ್ಮ ಶೆಡ್ಡಿಗೆ ತಂದ. ಅಡಿಯ ಪೈಪುಗಳು ತುಕ್ಕು ಹಿಡಿದು ಜಾಲರಿಯಾಗಿದ್ದವು. ಮೇಸ್ತ್ರಿ ತಂಗಿಯ ಮನೆಯ ಕೆಲಸಕ್ಕೆಂದು ಗಡಿಯಾಚೆ ಹೋಗಿ ವಾರವಾಗಿತ್ತು. ಬಿಚ್ಚಿದವನೂ ನಾನೇ, ಹೊಸ ಪೈಪು ಹಾಕಿದವನೂ ನಾನೇ. ಎರಡು ಪೈಪಿನ ನಡುವೆ ಅಡ್ಡಲಾಗಿ ಒಂದು ತುಂಡು ಇತ್ತು, ಕೈ ಹಾಕಿದರೆ ಪುಡಿಯಾಗಿ ಬಿತ್ತು. ಕೂಡಿದ್ದ ಜಾಗದಲ್ಲಿ ತೂತು ಕಂಡಿತು, ತುಕ್ಕು ತಿಂದಿದೆ ಅಂದುಕೊಂಡೆ. ತುಂಡು ಒಳಗೆ ಟೊಳ್ಳಾಗಿತ್ತು ಎಂಬುದನ್ನೂ ನೋಡಿದೆ. ಕುರ್ಚಿಯ ಕಾಲೂ ಟೊಳ್ಳೇ, ಅದರೊಳಗೆ ಏನಾದರೂ ಹರಿಯುತ್ತದೆಯೇ? ಓಹೋ, ಹೊರದೇಶದವರೂ ನಮ್ಮ ಹಾಗೆ ಬೆಟ್ಟದ ಪಟ್ಟಿ ಹಾಕುತ್ತಾರೆ ಎಂದು ಒಳಗೊಳಗೇ ಹಿಗ್ಗಿದೆ. ಅವರದು ತೆಳು, ತುಕ್ಕು ಹಿಡಿಯಿತು, ನಮ್ಮದು ನೋಡಲಿ ಎಂದು ಒಂದೂವರೆ ಇಂಚಿನ ಆಂಗಲ್ ಕತ್ತರಿಸಿ ಆ ಜಾಗಕ್ಕೆ ಬೆಸೆದೆ.

ಗಾಡಿ ಸ್ಟಾರ್ಟ್ ಮಾಡಿದಾಗ ಗಟ್ಟಿಯಾದ ದನಿ ಬಂತು. ಸಿದ್ದರಾಜು, ‘ಉಲಿ ಗುರ್ ಅಂದಂಗದೆ ಕಣಣ್ಣೋ’ ಎಂದು ನಕ್ಕ. ನಾನೂ ನಕ್ಕೆ.

ಒಂದು ವಾರ ಕಳೆದು ಅದೇ ಸಿದ್ದರಾಜು ಗಾಡಿ ತಂದು ನಿಲ್ಲಿಸಿ, ಮುಖ ಬಾಡಿಸಿಕೊಂಡು ಇಳಿದ. ಅಷ್ಟು ಹೊತ್ತಿಗೆ ಮೇಸ್ತ್ರಿ ಊರಿನಿಂದ ಬಂದಿದ್ದರು.

‘ಅಮ್ಮಾರು ಗಾಡಿ ಅತ್ತಾಕಿಲ್ಲ ಅಂತ ಕುಂತವ್ರೆ ಮೇಸ್ತ್ರಿ’ ಎಂದ. ‘ಸದ್ದು ತಲೆ ಒಳ್ಗೇ ಕೊರೀತದಂತೆ. ಎರಡ್ ಸಲ ದಾರೀಲೇ ವಾಂತಿ ಮಾಡ್ಕಂಡ್ರು. ನಿನ್ನೆ ಆಸ್ಪತ್ರೆಗೆ ಓಗ್ನೇ ಇಲ್ಲ. ನಾಳೆ ಓಗ್ನಿಲ್ಲ ಅಂದ್ರೆ ಜೀವಕ್ಕೆ ಅಪಾಯ ಅಂತ ಡಾಕ್ಟ್ರು ಪೋನಲ್ಲಿ ಬೈದ್ರು. ಅಮ್ಮಾರು ಸಾಯೋದಾದ್ರೆ ಇಲ್ಲೇ ಸಾಯ್ತೀನಿ, ಆ ಗಾಡೀಲಿ ಬ್ಯಾಡ ಅಂತಾವ್ರೆ.’

‘ನಿಂಗೆ ಮುಂದ್ಗಡೆ ಕೇಳ್ತದಾ?’ ಮೇಸ್ತ್ರಿ ಕೇಳಿದರು.

‘ನಂಗೆ ಅಂಥದ್ದೇನಿಲ್ಲ. ಯಜಮಾನ್ರೂ ಕೂತ್ಕಂಡ್ ನೋಡುದ್ರು. ಟ್ರೀಟ್‌ಮೆಂಟು ಸಾಕಾಗಿ ನೆಪ ತೆಗೀತಾವ್ರೆ ಅಂತ ಮನೇರೆಲ್ಲ ಅಂತಾವ್ರೆ. ಆದ್ರೆ ಒಂದದೆ ಮೇಸ್ತ್ರಿ, ಬೆಟ್ಟದ ತಿರುವಲ್ಲಿ ಮದ್ಲು ಎರಡ್ನೇ ಗೇರಲ್ಲಿ ಬರೋದು, ಈಗ ಒಂದ್ಕೆ ಇಳುಸ್ಬೇಕು.’

ನಾನು ಬಾಯಿ ಹಾಕಿದೆ. ‘ಪೈಪು ಹೊಸದು, ಬೆಸುಗೆ ನಾನೇ ಹಾಕಿರೋದು. ಅದರಲ್ಲಿ ಏನೂ ತಪ್ಪಿಲ್ಲ ಮೇಸ್ತ್ರಿ. ಕಾಯಿಲೆಯವರಿಗೆ ಎಲ್ಲಾ ಸದ್ದೂ ದೊಡ್ಡದೇ.’

ಆ ಮಾತು ಆಡಿದ ಬಾಯಿಗೆ ಇವತ್ತಿಗೂ ಬೂದಿ ಹಾಕಿಕೊಳ್ಳಬೇಕು ಅನ್ನಿಸುತ್ತದೆ. ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ. ಚಪ್ಪಲಿ ಕಳಚಿದರು, ಹೆಗಲಿನ ಟವೆಲನ್ನು ಸುರುಳಿ ಸುತ್ತಿದರು. ಗಾಡಿಯ ಹಿಂದಿನ ಬಾಗಿಲು ತೆಗೆದು ಆ ಹಲಗೆಯ ಮೇಲೆ ಮಲಗಿಕೊಂಡರು.

‘ಅಮ್ಮಾವ್ರು ತಲೆ ಯಾವ ಕಡೆ ಇಕ್ಕೋದು?’

‘ಹಿಂದ್ಗಡೆ ಬಾಗ್ಲು ಕಡಿಕೆ.’

ಅವರು ತಿರುಗಿ ತಲೆಯನ್ನು ಆ ಕಡೆಗೆ ಇಟ್ಟರು. ಆಗ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಮಂಡಿ ಮಡಚಲು ಕಷ್ಟ. ‘ಮಾಂಬಳ್ಳಿ ಗಂಟ ಓಗು. ಅಮ್ಮಾವ್ರು ಇದ್ದಾಗ ಎಂಗೆ ಓಡಿಸ್ತೀಯೋ ಅಂಗೇ ಓಡಿಸು’ ಎಂದರು. ನಾನು ಮುಂದೆ ಕೂತೆ. ಮಾಂಬಳ್ಳಿ ಮುಟ್ಟಿ ವಾಪಸು ಬರುವವರೆಗೆ ಹಿಂದಿನಿಂದ ಒಂದೇ ಮಾತು ಬಂತು. ಗಾಡಿ ಅರವತ್ತರ ವೇಗದಲ್ಲಿ ಹೋಗುತ್ತಿದ್ದಾಗ, ‘ಇದೇ ಪಾ, ಇದೇ, ಇಲ್ಲೇ ಹಿಡಿ’ ಎಂದರು. ಸಿದ್ದರಾಜು ಹಿಡಿದ. ಮುಂದೆ ಕೂತ ನನಗೆ ವಿಶೇಷವೇನೂ ಕೇಳಲಿಲ್ಲ.

ಶೆಡ್ಡಿಗೆ ಬಂದು ಇಳಿದಾಗ ಮೇಸ್ತ್ರಿಯ ಮುಖ ಬಿಳಿಚಿಕೊಂಡಿತ್ತು. ನನಗೆ, ‘ಓಗಿ ಮನಿಕೋ’ ಎಂದರು. ಅದೇ ದಾರಿಯಲ್ಲಿ ನನ್ನನ್ನೂ ಮಲಗಿಸಿ ಕರೆದುಕೊಂಡು ಹೋಗಿ ಬರಲು ಸಿದ್ದರಾಜುವಿಗೆ ಹೇಳಿದರು. ಅರವತ್ತಕ್ಕೆ ಬಂದಾಗ ನನಗೆ ಗೊತ್ತಾಯಿತು. ಅದು ಕಿವಿಗೆ ಕೇಳುವ ಸದ್ದಲ್ಲ. ಹಲಗೆಯಿಂದ ಹಲ್ಲಿಗೆ, ಹಲ್ಲಿನಿಂದ ಹೊಟ್ಟೆಗೆ ಇಳಿಯುವ ಒಂದು ಗುಂಯ್. ಮಲಗಿದವರಿಗೆ ಮಾತ್ರ ಸಿಗುವಂಥದ್ದು. ಗಟ್ಟಿಮುಟ್ಟಾದ ನಾನೇ ಅರ್ಧ ದಾರಿಯಲ್ಲಿ ಎದ್ದು ಕೂತೆ. ಆ ತಾಯಿ ಮೈಸೂರಿನವರೆಗೆ ಅದನ್ನು ತಿನ್ನುತ್ತಿದ್ದರು, ಸೂಜಿ ಚುಚ್ಚಿಸಿಕೊಂಡು ಸುಸ್ತಾಗಿ ಮತ್ತೆ ಅದನ್ನೇ ತಿನ್ನುತ್ತ ವಾಪಸು ಬರುತ್ತಿದ್ದರು. ನನಗೆ ತಲೆ ಎತ್ತಲು ಆಗಲಿಲ್ಲ.

ಮೇಸ್ತ್ರಿ ಗಾಡಿಯ ಅಡಿಗೆ ತೂರಿಕೊಂಡು ನನ್ನನ್ನೂ ಕರೆದರು. ಚೊಂಬಿನ ನೀರಿನಲ್ಲಿ ಬೆರಳು ಅದ್ದಿ ಎಡಗಡೆ ಪೈಪಿನ ಮೇಲೆ ಒಂದು ಹನಿ ಬಿಟ್ಟರು. ಚುರ್ ಎಂದಿತು. ಬಲಗಡೆ ಬಿಟ್ಟರು, ಚುರ್ ಎಂದಿತು. ನನ್ನ ಪಟ್ಟಿಯ ನಟ್ಟನಡುವೆ ಬಿಟ್ಟರು. ಹನಿ ಹಾಗೇ ಕೂತಿತ್ತು.

‘ಇದ್ರೊಳ್ಗೆ ಏನ್ಲಾ ಓಯ್ತದೆ ನಾಗ?’

‘ಏನೂ ಹೋಗಲ್ಲ ಮೇಸ್ತ್ರಿ. ಪಟ್ಟಿ.’

‘ಮದ್ಲು ಇದ್ದದ್ದು?’

‘ಟೊಳ್ಳಾಗಿತ್ತು.’

ಅವರು ಚೊಂಬಿನಲ್ಲಿ ಉಳಿದ ನೀರನ್ನು ಮಣ್ಣಿಗೆ ಚೆಲ್ಲಿದರು. ಇನ್ನು ಮೂರು ದಿನ ಮಾತಿಲ್ಲ ಅಂದುಕೊಂಡೆ. ಆದರೆ ಅವತ್ತು ಅವರ ಹತ್ತಿರ ಮೂರು ದಿನ ಇರಲಿಲ್ಲ. ‘ಸೋಪು ತಕಂಡ್ ಬಾ’ ಎಂದರು.

ಬಟ್ಟೆ ಒಗೆಯುವ ಹಳದಿ ಸೋಪು. ಅದನ್ನು ಒದ್ದೆ ಮಾಡಿ ಎರಡು ಪೈಪಿಗೂ ಮುಂದಿನಿಂದ ಹಿಂದಿನವರೆಗೆ ಗೆರೆ ಎಳೆದ ಹಾಗೆ ಬಳಿದೆವು. ಮತ್ತೆ ಮಾಂಬಳ್ಳಿಗೆ ಹೋಗಿ ಬಂದೆವು. ಅಡಿಗೆ ಹೋಗಿ ನೋಡಿದರೆ ಸೋಪು ಎಲ್ಲ ಕಡೆ ಒಂದೇ ಥರ ಇರಲಿಲ್ಲ. ಒಂದು ಗೇಣಿನಷ್ಟು ಜಾಗ ಮಾತ್ರ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಎರಡು ಕಡೆಯೂ ಎದುರುಬದುರಾಗಿ. ಗುದ್ದು ಎಲ್ಲಿ ಕಿಕ್ಕಿರಿಯುತ್ತದೋ ಅಲ್ಲಿ ಕಾವು ಹೆಚ್ಚು, ಅಲ್ಲೇ ಅಡ್ಡಪೈಪು ಕೂರಬೇಕು ಎಂದು ಮೇಸ್ತ್ರಿ ಆಗ ಹೇಳಿಕೊಟ್ಟರು. ಹಿಂದೆಂದೋ ಸೇಲಂನಲ್ಲಿ ಲಾರಿ ಶೆಡ್ಡಿನಲ್ಲಿದ್ದಾಗ ಯಾರೋ ಹಿರಿಯರಿಂದ ಅವರು ಕಲಿತದ್ದಂತೆ. ಅಂಥ ವಿದ್ಯೆಯನ್ನು ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡು, ಬೇಕಾಗಲಿಲ್ಲ ಎಂದು ಬಾಯಿಬಿಡದೇ ಇದ್ದ ಮನುಷ್ಯ ಅವರು.

ಆ ಜಾಗ ಹಳೆಯ ಅಡ್ಡಪೈಪಿನ ಜಾಗಕ್ಕಿಂತ ನಾಲ್ಕು ಬೆರಳು ಹಿಂದಿತ್ತು. ನಾನು ಹಾಕಿದ ಪೈಪು ಕೊಂಚ ದಪ್ಪನೆಯದು, ಅದಕ್ಕೇ ಜಾಗ ಸರಿದಿತ್ತು. ಕಷ್ಟವೆಂದರೆ ಅಲ್ಲೇ ಗೇರ್‌ಬಾಕ್ಸಿನ ಭಾರ ಹೊರುವ ಕಬ್ಬಿಣದ ಅಡಿದಿಮ್ಮಿ. ನೇರ ಪೈಪು ಕೂರುವುದಿಲ್ಲ, ಬಗ್ಗಿಸಬೇಕು. ಹಳೆಯ ಜಾಗದಲ್ಲೇ ಹಾಕಿಬಿಡೋಣ, ನಾಲ್ಕು ಬೆರಳಿನಲ್ಲಿ ಏನಾಗುತ್ತದೆ ಎಂದೆ. ‘ಮನಗೋನು ನೀನಾ?’ ಎಂದರು ಮೇಸ್ತ್ರಿ. ನಾನು ಬಾಣಲೆ ಒಲೆಯ ಮೇಲಿಟ್ಟು ಮರಳು ಹುರಿಯಲು ಕೂತೆ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಈಗ ಇದನ್ನೆಲ್ಲ ಮಾಡಬೇಕಿಲ್ಲ. ಮೈಸೂರಿನಲ್ಲಿ ಯಂತ್ರ ಸುಕ್ಕಿಲ್ಲದೆ ಪೈಪು ಬಗ್ಗಿಸಿ ಕೊಡುತ್ತದೆ. ಎರಡು ಪೈಪನ್ನು ಗುಣಾಕಾರದ ಗುರುತಿನ ಹಾಗೆ ಒಂದರೊಳಗೊಂದು ಸೇರಿಸಿ ಬೇರೆ ಮಾಡುವ ಹೊಸ ಥರದ್ದೂ ಬಂದಿದೆ. ನಾನು ಕೈಯಾರೆ ಒಂದನ್ನು ಕೂರಿಸಿ ನೋಡಿದ್ದೇನೆ. ವೇಗದಲ್ಲಿ ಗಾಡಿ ಹಗುರವಾಗಿ ಓಡುತ್ತದೆ, ದನಿ ಸಣ್ಣದಾಗಿ ಚೂಪಾಗುತ್ತದೆ. ಏಣಿಯ ಮೆಟ್ಟಿಲಿನ ಹಾಗೆ ನಡುವೆ ಒಂದೇ ಪೈಪು ಕೂಡಿಸುವ ನಮ್ಮ ಹಳೆಯ ಥರ ನಿಧಾನದ ಏರಿಗೆ ಒಳ್ಳೆಯದು, ದನಿಯೂ ದಪ್ಪಗೆ ಇರುತ್ತದೆ. ಹೊಸದನ್ನು ಕಂಡುಹಿಡಿದವನಿಗೆ ನಾನು ಕೈ ಮುಗಿಯುತ್ತೇನೆ. ಸದ್ದು ಜೋರಾಗಲಿ ಎಂದು ಒಳಗಿನ ಜಾಲರಿ ಕಿತ್ತು ಹುಲಿಕಾಡಿನ ರಸ್ತೆಯಲ್ಲಿ ಬಡಿದುಕೊಂಡು ಹೋಗುವವರಿಗೆ ಮಾತ್ರ ಕೈ ಮುಗಿಯುವುದಿಲ್ಲ. ಅದಕ್ಕೆ ಮೇಸ್ತ್ರಿ ಬೇಕಿಲ್ಲ, ಒಂದು ಉಳಿ ಸಾಕು.

ಮೇಸ್ತ್ರಿ ಪೈಪು ಬಗ್ಗಿಸಿದ್ದನ್ನು ನೀವು ನೋಡಬೇಕಿತ್ತು. ಅಳತೆಪಟ್ಟಿ ಇಲ್ಲ. ಒಂದು ತಂತಿಯನ್ನು ಗಾಡಿಯ ಅಡಿಯಲ್ಲಿ ಹಿಡಿದು ದಿಮ್ಮಿಯನ್ನು ಬಳಸುವ ಹಾಗೆ ಬಗ್ಗಿಸಿಕೊಂಡು ಬಂದರು. ಕೆಂಪಗಾದ ಪೈಪನ್ನು ಆ ತಂತಿಯ ಜೊತೆ ಹಿಡಿದು, ಎರಡೇ ಸಲಕ್ಕೆ ತಂದರು. ಒಳಗೆ ಇಣುಕಿದರೆ ಎಲ್ಲೂ ಒತ್ತಿರಲಿಲ್ಲ. ಎರಡು ಕಡೆ ತೂತು ಕೊರೆದು ಬೆಸೆಯಲು ನನಗೇ ಬಿಟ್ಟರು. ‘ನೀನು ಮುಚ್ಚಿದ್ದು, ನೀನೇ ತೆಗೆ’ ಎಂದರು. ಸಾಯಂಕಾಲ ನಾಲ್ಕಕ್ಕೆ ಕೆಲಸ ಮುಗಿಯಿತು. ಸಿದ್ದರಾಜು ಅರವತ್ತಕ್ಕೆ ಓಡಿಸಿದ, ಮೇಸ್ತ್ರಿ ಮಲಗಿ ನೋಡಿದರು, ನಾನೂ ಮಲಗಿ ನೋಡಿದೆ, ಆ ಗುಂಯ್ ಇರಲಿಲ್ಲ.

ಆದರೆ ಗೌರಮ್ಮನವರು ಹತ್ತಬೇಕಲ್ಲ. ಸಿದ್ದರಾಜು ಎಸ್ಟೇಟಿಗೆ ಫೋನು ಮಾಡಿದ. ಯಜಮಾನರು ಎತ್ತಿ, ‘ಅವಳು ಒಪ್ಪಲ್ಲ ಕಣಯ್ಯ, ಹೇಳಿ ಹೇಳಿ ಸಾಕಾಯ್ತು’ ಎಂದರು. ಮೇಸ್ತ್ರಿ ಫೋನು ಕೇಳಿ ಇಸಿದುಕೊಂಡರು. ‘ಯಜಮಾನ್ರೇ, ಇದು ನಮ್ಮ ಶೆಡ್ಡಿನ ತಪ್ಪು. ಅಮ್ಮಾವ್ರ ಕೈಗೆ ಕೊಡಿ’ ಎಂದರು. ನಮ್ಮ ಶೆಡ್ಡು ಎಂದರೇ ಹೊರತು ನನ್ನ ಹೆಸರು ಎತ್ತಲಿಲ್ಲ. ನಾನೂ ‘ಮಾಡಿದವನು ನಾನು’ ಎಂದು ಮುಂದೆ ಬರಲಿಲ್ಲ. ಐಟಿಐ ಮಕ್ಕಳೇ, ಅದು ನನ್ನ ಎರಡನೆಯ ತಪ್ಪು, ಪಟ್ಟಿಗಿಂತ ದೊಡ್ಡದು.

‘ಅಮ್ಮಾವ್ರೇ, ನಾನು ಪೆರುಮಾಳು, ಸೈಲೆನ್ಸರ್ ಮೇಸ್ತ್ರಿ. ನೀವು ಮನಗೋ ಜಾಗದಲ್ಲಿ, ನೀವು ತಲೆ ಇಕ್ಕೋ ಕಡೆ ತಲೆ ಇಕ್ಕಿ ಮನಗಿ ನೋಡ್ದೆ. ನೀವು ಏಳಿದ್ದೆಲ್ಲ ನಿಜ. ನನ್ನ ಹೊಟ್ಟೆನೂ ತೊಳಸ್ತು.’

ಆ ಕಡೆಯಿಂದ ಸಣ್ಣ ದನಿಯೊಂದು ಕೇಳಿತು. ‘ಯಾರೂ ನಂಬ್ನಿಲ್ಲ ಕಣಪ್ಪ.’

‘ನಾನು ನಂಬ್ದೆ ತಾಯಿ. ಸರಿ ಮಾಡಿವ್ನಿ. ನಾಳೆ ಒಂದ್ ದಪ ಅತ್ತಿ ನೋಡಿ. ಆಗ್ನಿಲ್ಲ ಅಂದ್ರೆ ಸಂತೇಮರಳ್ಳಿ ತಾವ್ಲೇ ತಿರುಗುಸ್ಬುಡಿ, ನಾನು ಯಾಕೆ ಅಂತ ಕೇಳಾಕಿಲ್ಲ.’

‘ಆಯ್ತು. ಒಂದ್ ದಪ’ ಎಂದರು ಆಕೆ.

ಆ ಸಂಜೆ ಸಿದ್ದರಾಜು ಬೆಟ್ಟ ಹತ್ತಿ ಫೋನು ಮಾಡಿದ. ಎಲ್ಲ ತಿರುವನ್ನೂ ಎರಡನೇ ಗೇರಿನಲ್ಲೇ ಬಂದೆ ಎಂದ. ಮೇಸ್ತ್ರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಹೊಸ ಬೆಸುಗೆ ಮೊದಲ ದೂರದ ಓಟದಲ್ಲಿ ಬಿರುಕು ಬಿಡುವುದುಂಟು. ಆಸ್ಪತ್ರೆಯಿಂದ ವಾಪಸು ಬರುವಾಗ ಯಳಂದೂರಿನಲ್ಲಿ ನಿಲ್ಲಿಸು, ನಾವೇ ಬಂದು ನೋಡುತ್ತೇವೆ ಎಂದು ಅವನಿಗೆ ಹೇಳಿದರು.

ಮಾರನೆಯ ದಿನ ಬೆಳಗಿನಿಂದ ಮೇಸ್ತ್ರಿ ಕೆಲಸಕ್ಕೆ ಕೈ ಹಚ್ಚಲಿಲ್ಲ. ಗಾಡಿ ಸಂತೇಮರಹಳ್ಳಿಯಿಂದ ತಿರುಗಿದರೆ ಫೋನು ಬರಬೇಕು. ಫೋನು ಬರಲಿಲ್ಲ. ಮಧ್ಯಾಹ್ನ ಬಸ್ಸು ಹಿಡಿದು ಯಳಂದೂರಿಗೆ ಹೋಗಿ, ರಸ್ತೆ ಬದಿಯ ಹುಣಸೆಮರದ ಕೆಳಗೆ ಸಾಮಾನಿನ ಚೀಲ ಇಟ್ಟುಕೊಂಡು ನಿಂತೆವು. ನಾನು ಬೇಡದ ದೇವರಿಲ್ಲ.

ನಾಲ್ಕೂವರೆಯ ಹೊತ್ತಿಗೆ ಗಾಡಿ ಬಂತು. ಅದು ಹತ್ತಿರ ಬಂದು ನಿಲ್ಲುವವರೆಗೂ ಅದರ ಸದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ಸಿದ್ದರಾಜು ಇಂಜಿನ್ ಆರಿಸದೆ, ಬಾಗಿಲು ಬಡಿಯದೆ, ಮೆಲ್ಲಗೆ ಇಳಿದು ಬಂದ.

‘ಆಫ್ ಮಾಡ್ಲಾ. ಅಡಿಗ್ ಓಗ್ಬೇಕು’ ಎಂದರು ಮೇಸ್ತ್ರಿ.

‘ಬ್ಯಾಡಿ ಮೇಸ್ತ್ರಿ’ ಎಂದ ಅವನು, ಪಿಸುದನಿಯಲ್ಲಿ. ‘ಅಮ್ಮಾರು ಮೈಸೂರಿಂದ್ಲೂ ಮನಗವ್ರೆ. ಆಗ್ಲೆ ರೈಲ್ವೆ ಗೇಟಲ್ಲಿ ಆಫ್ ಮಾಡ್ದೆ, ಎಚ್ಚರ ಆಗೋಯ್ತು. ಸ್ಟಾರ್ಟ್ ಮಾಡಿದ್ ತಕ್ಷಣ ತಿರ್ಗ ನಿದ್ದೆ ಓದ್ರು.’

ಮೇಸ್ತ್ರಿ ಗಾಜಿನ ಒಳಗೆ ನೋಡಿದರು. ಗೌರಮ್ಮನವರು ಕೆನ್ನೆಯ ಕೆಳಗೆ ಕೈ ಇಟ್ಟುಕೊಂಡು ಮಲಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ತೋಳಿಗೆ ಕಟ್ಟಿದ್ದ ಬಿಳಿಯ ಪಟ್ಟಿ ಕಾಣುತ್ತಿತ್ತು. ಯಜಮಾನರು ಮುಂದಿನ ಸೀಟಿನಿಂದ ತಿರುಗಿ ನಮಗೆ ಎರಡೂ ಕೈ ಜೋಡಿಸಿದರು. ಅವರ ಕಣ್ಣು ಒದ್ದೆಯಾಗಿತ್ತು.

ಸ್ಪ್ಯಾನರುಗಳು ಒಂದಕ್ಕೊಂದು ತಾಗದ ಹಾಗೆ ನಾನು ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಮೇಸ್ತ್ರಿ ಟವೆಲು ಒದ್ದೆ ಮಾಡಿ ಕೈಗೆ ಸುತ್ತಿಕೊಂಡರು. ಓಡುತ್ತಿರುವ ಇಂಜಿನ್ನಿನ ಅಡಿಗೆ, ಕಾದ ಪೈಪುಗಳ ಕೆಳಗೆ, ಯಳಂದೂರಿನ ರಸ್ತೆಯ ಧೂಳಿನಲ್ಲಿ ಅಂಗಾತ ಮಲಗಿ ಬೆಸುಗೆಯ ಸುತ್ತ ಬೆರಳಾಡಿಸಿ ನೋಡಿದರು. ಎಲ್ಲೂ ಹೊಗೆ ಸೋರುತ್ತಿರಲಿಲ್ಲ. ಹೊರಗೆ ಬಂದು, ಮಾತಾಡದೆ, ಹೋಗು ಎಂದು ಸಿದ್ದರಾಜುವಿಗೆ ಕೈಯಲ್ಲೇ ಹೇಳಿದರು.